ತುಳಿಯದ ಕೆಸರು

ಭಾವ ಬಾಯಿ ಮುಕ್ಕಳಿಸುವ ಸದ್ದಿಗೇ ದಿನಾ ಅವನಿಗೆ ಎಚ್ಚರವಾಗುವುದು. ಹಲಗೆ ಗೋಡೆಯ ಆಚೆ ಗಳಗಳ ಎಂದು ಶುರುವಾಗುವ ಅದು ಒಂದೇ ಸಲಕ್ಕೆ ಮುಗಿಯುವ ಪೈಕಿಯಲ್ಲ; ಮುಗಿಯಿತಪ್ಪ ಎಂದು ಕಣ್ಣು ಮುಚ್ಚಿದರೆ ಇನ್ನೊಮ್ಮೆ, ಗಂಟಲ ಆಳದಿಂದ, ಮನೆ ತನ್ನದೇ ಎಂಬ ಧೈರ್ಯದಲ್ಲಿ. ಆ ಮನೆಯಲ್ಲೇ ಹುಟ್ಟಿದವನು ಹಾಗೆ ಮುಕ್ಕಳಿಸುವುದಿಲ್ಲ, ತಾನಿದ್ದೇನೆ ಎಂದು ಗೋಡೆಗಳಿಗೆ ತಿಳಿಸುವ ದರ್ದು ಅವನಿಗಿರುವುದಿಲ್ಲ ಎಂದು ಎಷ್ಟೋ ಬೆಳಗು ಚಾಪೆಯ ಮೇಲೆ ಬಿದ್ದುಕೊಂಡೇ ಅವನು ಹಲ್ಲು ಕಡಿದಿದ್ದ. ಇವತ್ತು ಆ ಸದ್ದಿಗಿಂತ ಮೊದಲೇ ಎದ್ದ. ಬಾಗಿಲ ಚಿಲಕವನ್ನು ಬೆರಳಲ್ಲಿ ಹಿಡಿದು ಸದ್ದಾಗದಂತೆ ಸರಿಸಿ, ಕಳ್ಳನ ಹಾಗೆ ತನ್ನದೇ ಮನೆಯಿಂದ ಹೊರಬಿದ್ದ. ಬಾಗಿಲ ಪಕ್ಕದಲ್ಲಿ ಅಪ್ಪನ ಕುರ್ಚಿ. ಅಪ್ಪ ಸತ್ತ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ, ಅಷ್ಟೆ. ಅಕ್ಕನನ್ನು ಮದುವೆಯಾಗಿ ಭಾವ ಈ ಮನೆಗೆ ಬಂದ ಹೊಸದರಲ್ಲಿ, ಗೊತ್ತಿಲ್ಲದೆ, ಒದ್ದೆ ಪ್ಯಾಂಟಿನಲ್ಲಿ ಹೋಗಿ ಅದರಲ್ಲೇ ಕುಕ್ಕರಿಸಿದ. ಇವನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಳಗಿಂದಲೇ, ಕೂತ್ಕೊಳ್ಳಿ ಬಿಡಿ, ಖಾಲಿ ಇದ್ರೆ ಗೆದ್ದಲು ಹಿಡಿಯುತ್ತೆ ಅಂದಿದ್ದಳು. ತನಗೆ ಯಾಕೆ ಯಾರೂ ಹಾಗೆ ಹೇಳಲಿಲ್ಲ ಎಂದು ಅವನು ಅಮ್ಮನನ್ನು ಕೇಳಿರಲಿಲ್ಲ. ಕೇಳಿದ್ದರೆ, ನೀನು ಕೂತ್ಕೊಂಡ್ರೆ ಯಾರು ಬೇಡ ಅಂತಿದ್ರೋ ಅನ್ನುತ್ತಿದ್ದಳು, ಮತ್ತು ಅದು ನಿಜವೂ ಆಗಿರುತ್ತಿತ್ತು, ಉರಿಯೆಲ್ಲ ಇದ್ದದ್ದು ಅಲ್ಲೇ.

ಅಳಿವೆಯ ನೀರು ದೂರ ಸರಿದಿತ್ತು. ನದಿ ಸಮುದ್ರಕ್ಕೆ ಸೇರುವ ಆ ಬಾಯಿಯಲ್ಲಿ ಇಳಿತದ ಹೊತ್ತಿಗೆ ಕೆಸರು ಬಯಲು ಬಿಚ್ಚಿಕೊಳ್ಳುತ್ತದೆ, ಯಾರೋ ಚಾದರ ಎಳೆದುಹಾಕಿದ ಹಾಗೆ. ಕಪ್ಪೆಚಿಪ್ಪು ಸಿಗುವುದು ಅಲ್ಲಿ. ಬಗ್ಗಿ ಹುಡುಕುವುದಲ್ಲ ಅದು. ನಿಂತು, ಕಾಲನ್ನು ಕೆಸರಲ್ಲಿ ಇಳಿಸಿ, ಅಂಗಾಲಿನಿಂದ ತಡವಬೇಕು. ಗಟ್ಟಿ ಸಿಕ್ಕಿದರೆ ಕಾಲ್ಬೆರಳಲ್ಲಿ ಹಿಡಿದು ಮೇಲೆತ್ತಬೇಕು. ಅವನು ಶಾಲೆ ಬಿಟ್ಟದ್ದೂ ಈ ಕಾಲಿಗಾಗಿಯೇ. ಮೇಷ್ಟ್ರು ಅವನ ಹಾಜರಿ ಕೂಗುವ ಹೊತ್ತಿಗೂ ಇಳಿತಕ್ಕೂ ಎಂದೂ ಹೊಂದಾಣಿಕೆಯಾಗಲಿಲ್ಲ. ಆಗ ಅಕ್ಕನೂ ಜೊತೆಗಿರುತ್ತಿದ್ದಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ನನ್ನ ಕಾಲ ಕೆಳಗೆ ಏನಿದೆ ಹೇಳು ನೋಡೋಣ ಅನ್ನುತ್ತಿದ್ದಳು. ಅವನು ತನ್ನ ಕಾಲನ್ನು ಅವಳ ಕಾಲಿನ ಪಕ್ಕದಲ್ಲಿಳಿಸಿ, ದೊಡ್ಡದೊಂದು, ಮರಿ ಎರಡು ಅಂದರೆ ಹಾಗೇ ಇರುತ್ತಿತ್ತು. ಆಮೇಲೆ ಆ ಚಿಪ್ಪುಗಳೇ ಇಲ್ಲವಾದವು. ಎಲ್ಲರೂ ಎಲ್ಲವನ್ನೂ ಎತ್ತಿದರು, ಮರಿಯನ್ನೂ ಬಿಡಲಿಲ್ಲ. ಇಡೀ ಬೆಳಿಗ್ಗೆ ತುಳಿದರೂ ಬುಟ್ಟಿಯ ತಳ ಮುಚ್ಚದ ಕಾಲ ಬಂದಾಗ ದಡದ ಮನೆಯವರೆಲ್ಲ ಸೇರಿ ಸಂಘ ಕಟ್ಟಿದರು. ಬಯಲಿನ ಒಳ್ಳೆಯ ಭಾಗಕ್ಕೆ ಸುತ್ತ ಗೂಟ ಹೊಡೆದು, ಚಿಪ್ಪು ಮತ್ತೆ ತುಂಬುವ ತನಕ ಯಾರೂ ಕಾಲಿಡಬಾರದು, ಇಟ್ಟವರ ಮನೆಗೆ ಆ ವರ್ಷ ಪಾಲಿಲ್ಲ ಎಂದು ಗೊತ್ತುಮಾಡಿದರು. ಅದಕ್ಕೆ ಬಿಟ್ಟ ಜಾಗ ಎಂದು ಹೆಸರಾಯಿತು. ಬಿಟ್ಟ ಜಾಗಕ್ಕೆ ಒಬ್ಬ ಕಾವಲಿನವನು ಬೇಕು. ಯಾವಾಗ ತೆರೆಯಬೇಕೆಂದು ಹೇಳುವವನೂ ಅವನೇ. ತನ್ನನ್ನೇ ಕರೆಯುತ್ತಾರೆಂದು ಇವನು ಆ ದಿನ ಅಂಗಿ ಒಗೆದು ಹಾಕಿಕೊಂಡು ಹೋಗಿದ್ದ.

ಆ ಒಗೆದ ಅಂಗಿ ನೆನಪಾದರೆ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತದೆ. ಸಂಘದ ಅಧ್ಯಕ್ಷೆಯನ್ನು ಎಲ್ಲರೂ ದೊಡ್ಡಮ್ಮ ಅನ್ನುವುದು. ಅವಳು ಕನ್ನಡಕ ಒರೆಸಿಕೊಳ್ಳುತ್ತ ಯಾರಾದರೂ ಹೆಸರು ಹೇಳಿ ಅಂದಳು. ಇವನು ನೆಲ ನೋಡುತ್ತ ಕೂತ. ಮೈಕು ಎದ್ದ. ಮೈಕು ಅಂದರೆ ದೋಣಿಗೆ ಡಾಂಬರು ಬಳಿಯುವವನು, ಪಿಸುಮಾತು ಆಡಿದರೂ ಆಚೆ ದಡಕ್ಕೆ ಕೇಳುವ ಗಂಟಲು. ಚಿಪ್ಪು ಬಲ್ಲವನನ್ನ ಅಲ್ಲಿ ನಿಲ್ಲಿಸಿದರೆ ಅವನ ಕಾಲು ಸುಮ್ಮನಿರುತ್ತಾ? ಮಿಠಾಯಿ ಅಂಗಡೀಲಿ ಸಕ್ಕರೆ ಕಾಯಿಲೆಯವನನ್ನ ಕೂರಿಸಿದ ಹಾಗೆ ಇವರ ಮನೆ ಅಳಿಯನನ್ನ ಇಡೋಣ, ಅವನಿಗೆ ಚಿಪ್ಪಿಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ ಅಂದ. ಎಲ್ಲರೂ ನಕ್ಕರು. ಭಾವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ನಗುನಗುತ್ತಲೇ ಕೈಗಳು ಮೇಲೆದ್ದವು. ತಮಾಷೆಗೆ ಎತ್ತಿದ ಕೈ ಅಂತ ಇವನು ಕಾದ, ಕೆಳಗಿಳಿಯಲಿಲ್ಲ. ಅಮ್ಮನ ಕೈಯೂ ಅದರಲ್ಲಿತ್ತು. ಭಾವ ಪಂಪ್ ರಿಪೇರಿ ಮಾಡುತ್ತಿದ್ದವನು, ಒಳನಾಡಿನ ಒಣ ಮನುಷ್ಯ, ಮೊದಲ ಸಲ ಕೆಸರಿಗಿಳಿದಾಗ ಮೊಣಕಾಲ ತನಕ ಹೂತು ಅತ್ತುಬಿಡುವಂತಾಗಿ ಇವನ ಹೆಗಲು ಹಿಡಿದುಕೊಂಡವನು. ಹಿಮ್ಮಡಿ ಮೊದಲು ಎತ್ತಿ ಭಾವ, ಬೆರಳಲ್ಲ, ಹಿಮ್ಮಡಿ ಎಂದು ಮಗುವಿಗೆ ಕಲಿಸಿದ ಹಾಗೆ ಇವನೇ ಅವನಿಗೆ ನಡೆಯಲು ಕಲಿಸಿದ್ದ. ಕಾವಲಿನವನಾದ ಭಾವ ಅವತ್ತೇ ನಿಯಮ ಒಂದನ್ನು ಸೇರಿಸಿದ: ಬಿಟ್ಟ ಜಾಗಕ್ಕೆ ಯಾರೂ ಅಂದರೆ ಯಾರೂ ಕಾಲಿಡಬಾರದು, ನಾನೂ ಸೇರಿ. ಜನ ತಲೆದೂಗಿದರು. ಇವನಿಗೆ ನಾಲಿಗೆಯ ತುದಿಗೆ ಬಂದಿತ್ತು. ಕೆಸರನ್ನು ಆಗಾಗ ತುಳಿದು ಸಡಿಲ ಮಾಡದೆ ಬಿಟ್ಟರೆ ಮೇಲೆ ನಯವಾದ ಹೂಳು ಕೂತು ಮುಚ್ಚಳದ ಹಾಗೆ ಬಿಗಿಯುತ್ತದೆ, ಒಳಗಿನದಕ್ಕೆ ಉಸಿರಾಡಲಾಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಹೇಳಬೇಕಾದ್ದೂ ಇರಲಿಲ್ಲ, ಅದು ಕಾಲಿಗೇ ಗೊತ್ತಾಗುವಂಥದು. ದೊಡ್ಡಮ್ಮ ಇವನತ್ತ ನೋಡಿದ್ದಳು ಕೂಡ, ಏನಾದ್ರೂ ಹೇಳೋದಿದೆಯೇನೋ ಎಂಬ ಹಾಗೆ. ಏನಿಲ್ಲ ಎಂದು ಇವನು ತಲೆಯಾಡಿಸಿದ. ನನ್ನನ್ನು ಬೇಡ ಅಂದಿರಲ್ಲ, ನನಗೆ ಗೊತ್ತಿರುವುದು ಮಾತ್ರ ಯಾಕೆ ಬೇಕು?

ಈಗ, ಬೆಳಕು ಇನ್ನೂ ಬೂದಿ ಬಣ್ಣದಲ್ಲಿದ್ದಾಗ, ಅವನು ಗೂಟದ ಸಾಲು ದಾಟಿ ಕಾಲಿಟ್ಟ. ಇವತ್ತು ಸಂಜೆಯ ಇಳಿತಕ್ಕೆ ಊರೆಲ್ಲ ಬುಟ್ಟಿ ಹಿಡಿದು ಬರುತ್ತದೆ. ಭಾವ ಜಾಗ ತೆರೆದೆ ಅನ್ನುತ್ತಾನೆ. ಆಮೇಲೆ ಮಾತಾಡುವವರೆಲ್ಲ ಅವನ ಕಾವಲನ್ನು ಹೊಗಳುತ್ತಾರೆ. ಅದಕ್ಕೆ ಮೊದಲು ತಾನು ಒಂದು ಸಲ ತುಳಿದು ನೋಡಬೇಕು ಅನ್ನಿಸಿತ್ತು, ಅಷ್ಟೆ, ಯಾಕೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಬೇರೆಯವನ ಹೆಂಡತಿಯಾಗಿ ಹೋದವಳ ಹಳೆಯ ಬೀದಿಯಲ್ಲಿ ಒಂದು ಸುತ್ತು ಹಾಕುವವನಂತೆ ಅವನು ಕಾಲಿಳಿಸಿದ. ಸಿಕ್ಕಿತು. ಇನ್ನೊಂದು. ಕಾಲ್ಬೆರಳ ಸಂದಿಯಲ್ಲಿ, ಹಿಮ್ಮಡಿಯ ಕೆಳಗೆ, ಎಲ್ಲೆಂದರಲ್ಲಿ ಗಟ್ಟಿ, ದಪ್ಪ, ಕಲ್ಲು ಹಾಸಿದಷ್ಟು ಒತ್ತಾಗಿ. ಹಾಗಾದರೆ ಭಾವ ಗೆದ್ದ. ಚಿಪ್ಪಿಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದವನು ಅಪ್ಪನ ಕಾಲದಲ್ಲೂ ಕಾಣದ ಬೆಳೆ ತೆಗೆದುಬಿಟ್ಟ. ಒಂದನ್ನು ಎತ್ತಿ ಕೈಗೆ ತೆಗೆದುಕೊಂಡ. ಭಾರವಾಗಿತ್ತು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಸಿಟ್ಟಿಗೆ ಹೆಬ್ಬೆರಳಿನ ಉಗುರನ್ನು ಬಾಯಿಗೆ ಒತ್ತಿದ. ಜೀವವಿರುವ ಚಿಪ್ಪು ಉಗುರಿಗೆ ಬಗ್ಗುವುದಿಲ್ಲ. ಇದು ಹಳೆಯ ಡಬ್ಬಿಯ ಹಾಗೆ ತೆರೆದುಕೊಂಡಿತು, ಒಳಗೆ ಮಾಂಸವಿರಲಿಲ್ಲ, ಕೆಸರಿತ್ತು. ಕಪ್ಪು ಕೆಸರು, ಚಿಪ್ಪಿನ ಆಕಾರಕ್ಕೇ ಒತ್ತಿಟ್ಟಂತೆ ತುಂಬಿಕೊಂಡು, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಇನ್ನೊಂದು ತೆಗೆದ. ಕೆಸರು. ಹೊಳೆಯ ಕಾಲುವೆ ಹರಿಯುವ ಬದಿಯುದ್ದಕ್ಕೂ ನಡೆದು ತೆಗೆದ, ಎಲ್ಲ ಕೆಸರು. ಸತ್ತ ಚಿಪ್ಪುಗಳು ಬಾಯಿ ಮುಚ್ಚಿಕೊಂಡೇ ಸಾಲಾಗಿ ನಿಂತಿದ್ದವು, ಜೀವ ಇದ್ದವುಗಳ ಹಾಗೆಯೇ. ದಡದ ಬದಿಗೆ ಬಂದರೆ ಅಲ್ಲಿ ಇನ್ನೂ ಜೀವವಿತ್ತು, ಆದರೆ ಕಪ್ಪು ಅಲ್ಲಿಗೂ ಹತ್ತಿರ ಬಂದಿತ್ತು.

ಅವನಿಗೆ ಖುಷಿಯಾಯಿತು.

ಅದು ಎಷ್ಟು ಥಟ್ಟನೆ ಬಂತೆಂದರೆ ಅವನು ಹಿಂದೆ ತಿರುಗಿ ನೋಡಿದ, ಯಾರೋ ಬೇರೆಯವರು ಖುಷಿಪಟ್ಟಂತೆ. ಎದೆಯಿಂದ ಒಂದು ಮೂಟೆ ಇಳಿದು ಮೈ ಹಗುರವಾಯಿತು. ಅಮ್ಮ, ಅಕ್ಕ, ದೊಡ್ಡಮ್ಮ, ದಡದ ಅಷ್ಟೂ ಮನೆಗಳು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕಾದದ್ದು ಕೊಳೆತು ನಾರುತ್ತಿದೆ, ತಾನು ಅದರ ನಡುವೆ ನಿಂತು ನಗು ತಡೆಯುತ್ತಿದ್ದೇನೆ ಎಂಬುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದ ಮೇಲೂ ನಗು ಹೋಗಲಿಲ್ಲ. ಓಡಿಹೋಗಿ ಎಬ್ಬಿಸಬೇಕು, ನೀರು ಮತ್ತೆ ಏರುವುದರೊಳಗೆ ದಡದ ಬದಿಯ ಜೀವದ ಚಿಪ್ಪನ್ನೆಲ್ಲ ಎತ್ತಿ ಮರಳು ದಿಣ್ಣೆಗೆ ಹಾಕಿದರೆ ಅರ್ಧವಾದರೂ ಉಳಿಯುತ್ತದೆ, ಇದೊಂದು ಇಳಿತ ಮತ್ತು ಸಂಜೆಯದು, ಎರಡೂ ಸೇರಿದರೆ ಸಾಕು ಎಂದು ಅವನ ತಲೆ ತನ್ನ ಪಾಡಿಗೆ ಕೆಲಸ ಮಾಡಿತು. ಕಾಲು ಮಾತ್ರ ಅಲ್ಲೇ ನಿಂತಿತು. ಈಗ ಹೇಳಿದರೆ ಗೂಟ ದಾಟಿದ್ದು ಗೊತ್ತಾಗುತ್ತದೆ, ಮನೆಯ ಪಾಲು ಹೋಗುತ್ತದೆ. ಇದು ಸರಿಯಾದ ಕಾರಣ ಎಂದು ತನಗೆ ತಾನೇ ಹೇಳಿಕೊಂಡ. ಅದರ ಹಿಂದೆ ಇನ್ನೊಂದಿತ್ತು, ಅದನ್ನು ಅವನು ತಿರುಗಿಸಿ ನೋಡಲಿಲ್ಲ: ಸಂಜೆ, ಎಲ್ಲರ ಎದುರು, ಭಾವ ಮೊದಲ ಚಿಪ್ಪನ್ನು ಎತ್ತಿ ಬಿಡಿಸುವಾಗಿನ ಆ ಮುಖ. ಅದನ್ನು ತಾನು ನೋಡಬೇಕು.

ಹಿತ್ತಲ ನಲ್ಲಿಯ ಹತ್ತಿರ ಅಮ್ಮ ಪಾತ್ರೆ ತಿಕ್ಕುತ್ತಿದ್ದಳು. ಅವನ ಕಾಲು ನೋಡಿದಳು. ಬಯಲಿನ ಕೆಸರು ಕಂದು. ಹಿಮ್ಮಡಿಯ ಮೇಲಿದ್ದದ್ದು ಎಣ್ಣೆಯ ಹಾಗೆ ಕಪ್ಪು. ಎಲ್ಲಿಗೆ ಹೋಗಿದ್ದೆ ಎಂದು ಅವಳು ಕೇಳಲಿಲ್ಲ. ಚೊಂಬು ತುಂಬಿ ಅವನ ಕಾಲಿಗೆ ತಾನೇ ನೀರು ಹುಯ್ದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಆಮೇಲೆ ಬೂದಿ ಹಾಕಿ ಅವನು ನಿಂತಿದ್ದ ಕಲ್ಲನ್ನೂ ತೊಳೆದಳು. ಒಳಗೆ ಭಾವ ಕುರ್ಚಿಯಲ್ಲಿ ಕೂತು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕುಡಿಯುತ್ತಿರಲಿಲ್ಲ. ಇವತ್ತು ಬಾಯಿ ಮುಕ್ಕಳಿಸಿದ್ದನೋ ಇಲ್ಲವೋ. ಕಣ್ಣು ಕೆಂಪಾಗಿದ್ದವು. ಅಕ್ಕ ಅವನ ಬೆನ್ನ ಹಿಂದೆ ನಿಂತು ಅವನ ಅಂಗಿಯ ಕಾಲರನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಕಾಲರು. ಆ ಬೆರಳುಗಳನ್ನು ಇವನು ನೋಡಿದ. ಅವು ಒಂದು ಕಾಲಕ್ಕೆ ಇವನ ತಲೆಯಿಂದ ಒಣಗಿದ ಕೆಸರನ್ನು ಕೆರೆದು ತೆಗೆಯುತ್ತಿದ್ದವು.

"ನಿನಗೇನನ್ಸುತ್ತೆ?" ಎಂದು ಭಾವ ಕೇಳಿದ. "ತುಂಬಿರುತ್ತೆ ಅಲ್ವಾ?"

"ಕಾವಲಿನವರು ನೀವು," ಅಂದ ಇವನು. "ನಮಗೇನು ಗೊತ್ತಾಗುತ್ತೆ ಭಾವ."

ನಮಗೆ ಎಂಬ ಆ ಮಾತನ್ನು ಅವನು ಎಷ್ಟು ನಯವಾಗಿ ಆಡಿದನೆಂದರೆ ಅಕ್ಕ ತಲೆಯೆತ್ತಿ ನೋಡಿದಳು. ಹೊರಗೆ ನೀರು ಏರತೊಡಗಿತ್ತು. ಅದರ ಸದ್ದು ಮನೆಗೆ ಕೇಳುವಂಥದಲ್ಲ, ಆದರೆ ಅವನಿಗೆ ಕೇಳುತ್ತಿತ್ತು.

ಹಗಲೆಲ್ಲ ಅವನು ದೋಣಿ ಕಟ್ಟೆಯಲ್ಲಿ ಮಗುಚಿಟ್ಟ ದೋಣಿಯೊಂದರ ಹೊಟ್ಟೆ ಕೆರೆದ. ಚಿಪ್ಪಿಲ್ಲದ ಕಾಲದಲ್ಲಿ ಅದೇ ಅವನ ಕೆಲಸ: ಅಂಟಿಕೊಂಡ ಪಾಚಿ, ಮರಕ್ಕೆ ಕಚ್ಚಿ ಕೂತ ಕಲ್ಲುಹುಳ, ಹಳೆಯ ಬಣ್ಣ ಎಲ್ಲವನ್ನೂ ತಗಡಿನಿಂದ ಕೆರೆಯುವುದು, ಆಮೇಲೆ ಮೈಕು ಡಾಂಬರು ಬಳಿಯುವುದು. ಮೈಕು ಇವತ್ತು ಗೆಲುವಾಗಿದ್ದ. ಸಂಜೆಗೆ ಎರಡು ಬುಟ್ಟಿ ತರುತ್ತೇನೆ, ಒಂದು ನನಗೆ, ಇನ್ನೊಂದು ನನ್ನ ಗಂಟಲಿಗೆ, ಯಾಕೆಂದರೆ ನಿನ್ನ ಭಾವನನ್ನು ಆರಿಸಿದ ಗಂಟಲು ಇದೇ ಅಂದ. ನಿನಗೆ ಮಾತ್ರ ಅವತ್ತಿಂದ ಮುಖಕ್ಕೆ ಹುಳಿ ಹಿಂಡಿದ ಹಾಗಾಗಿದೆ ಬಿಡು ಎಂದೂ ಸೇರಿಸಿದ, ಪಿಸುಮಾತಿನಲ್ಲಿ, ಇಡೀ ಕಟ್ಟೆಗೆ ಕೇಳುವಂತೆ. ಆಚೆ ದೋಣಿಯವರು ನಕ್ಕರು. ಇವನೂ ನಕ್ಕ. ತಗಡು ದೋಣಿಯ ಹಲಗೆಯೊಳಕ್ಕೆ ಇಳಿಯಿತು. ನಗಿರಿ, ಸಂಜೆ ತನಕ ನಗಿರಿ. ತನ್ನೊಳಗೆ ಒಂದು ಗುಟ್ಟಿದೆ, ಈ ಎಲ್ಲರ ಸಂಜೆ ತನ್ನ ಜೇಬಿನಲ್ಲಿದೆ ಎಂಬುದು ಅವನನ್ನು ಒಂದು ಕ್ಷಣ ಎತ್ತರಕ್ಕೆ ಎತ್ತಿ, ಮರುಕ್ಷಣ ಅಲ್ಲಿಂದ ಕೆಡವುತ್ತಿತ್ತು. ಈಗ ನೀರು ಮೊಣಕಾಲಿಗೆ ಬಂದಿರುತ್ತದೆ. ಈಗ ಸೊಂಟಕ್ಕೆ. ಅದರ ಕೆಳಗೆ ದಡದ ಬದಿಯ ಚಿಪ್ಪುಗಳು ಬಾಯಿ ತೆರೆಯಲು ನೋಡುತ್ತಿರುತ್ತವೆ, ಒಳಗೆ ಹೂಳು ಹೋಗುತ್ತಿರುತ್ತದೆ. ಕೊಂದವನು ಭಾವ, ನಾನಲ್ಲ ಅಂದುಕೊಂಡ. ಕೆರೆದ. ಬೆಳಿಗ್ಗೆ ತನಕ ಕೊಂದವನು ಭಾವ, ಬೆಳಿಗ್ಗೆಯಿಂದ ಯಾರು?

ಅಕ್ಕ ಊಟದ ಡಬ್ಬಿ ತಂದಳು. ಅವಳು ಹಾಗೆ ಬಂದು ಎಷ್ಟೋ ಕಾಲವಾಗಿತ್ತು. ಡಬ್ಬಿ ಕೊಡುವುದು ನೆಪ. ದೋಣಿಯ ನೆರಳಿನಲ್ಲಿ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ಅವನು ಉಣ್ಣುತ್ತಿದ್ದರೆ ಅವಳು ಸುಮ್ಮನೆ ಅವನ ಕಾಲನ್ನೇ ನೋಡುತ್ತಿದ್ದಳು. ಅಮ್ಮ ಏನಾದರೂ ಅಂದಳೋ ಎಂದು ಅವನು ಕಾಲನ್ನು ಒಳಗೆಳೆದುಕೊಂಡ. ಇಲ್ಲ, ಅವಳು ಬೇರೆಯೇ ಏನೋ ಯೋಚಿಸುತ್ತಿದ್ದಳು.

"ನಿನ್ನ ಭಾವ ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ," ಅಂದಳು. "ನಾನು ಹೊರಗಿನವನು, ತಪ್ಪಾದ್ರೆ ನನ್ನನ್ನ ಯಾರೂ ಕ್ಷಮಿಸಲ್ಲ ಅಂತಾರೆ. ನಿನ್ನ ಕೇಳೋಕೂ ಭಯ ಅವರಿಗೆ."

"ನನ್ನ ಕಂಡ್ರೆ ಯಾಕೆ ಭಯ?"

"ನೀನು ಮಾತಾಡೋ ಥರ ಮಾತಾಡಿದ್ರೆ ನನಗೂ ಭಯ ಆಗುತ್ತೆ."

ಅವನು ತುತ್ತನ್ನು ನುಂಗಿದ. ಬೆಳೆ ಚೆನ್ನಾಗಿ ಬಂದರೆ ತಾವು ಬೇರೆ ಮನೆ ಮಾಡುತ್ತೇವೆ, ಕಟ್ಟೆಯ ಆಚೆ ಒಂದು ಕೋಣೆ ನೋಡಿದ್ದೇವೆ, ನಿನಗೂ ನಿನ್ನ ಜಾಗ ಸಿಗುತ್ತದೆ ಎಂದು ಅವಳು ಹೇಳಿದಳು, ಉಡುಗೊರೆ ಕೊಡುವವಳಂತೆ. ಮುಕ್ಕಳಿಸುವ ಸದ್ದು ಇಲ್ಲದ ಬೆಳಗು, ಖಾಲಿ ಕುರ್ಚಿ: ಅವನು ಬೇಡಿಕೊಂಡದ್ದೆಲ್ಲ ಅದೇ. ಆದರೆ ಅವಳು ಆ ಕೋಣೆಗೆ ಕಿಟಕಿ ಇರುವುದನ್ನೂ, ಅದರಿಂದ ನೀರು ಕಾಣುವುದನ್ನೂ ಹೇಳುತ್ತಿದ್ದಾಗ ಅವಳ ಮುಖದಲ್ಲಿ ಬಂದ ಬೆಳಕನ್ನು ಕಂಡು ಅವನು ಅನ್ನವನ್ನು ಬೆರಳಲ್ಲಿ ಕಲಸುತ್ತಲೇ ಕೂತ. ಆ ಕಿಟಕಿಯಲ್ಲಿ ಅವಳು ಇನ್ನೊಬ್ಬನ ಪಕ್ಕ ನಿಂತು ಇಳಿತ ನೋಡುತ್ತಾಳೆ. ಹೇಳಿಬಿಡು, ಈಗ ಹೇಳು, ಅಕ್ಕಾ ಎಲ್ಲ ಸತ್ತುಹೋಗಿದೆ ಅನ್ನು. ಅವನು ಬಾಯಿ ತೆರೆದ. ಸಾರಿಗೆ ಉಪ್ಪು ಕಮ್ಮಿ ಅಂದ. ಅವಳು ಖಾಲಿ ಡಬ್ಬಿ ಮುಚ್ಚಿ ಎದ್ದಳು, ಹೋಗುವಾಗ ಅವನ ತಲೆಯ ಮೇಲೆ ಒಂದು ಮೊಟಕು ಮೊಟಕಿದಳು, ಮೆಲ್ಲಗೆ. ಆ ಜಾಗ ಬಹಳ ಹೊತ್ತು ಬಿಸಿಯಾಗಿತ್ತು.

ಸಂಜೆ ಊರಿಗೆ ಊರೇ ದಡದಲ್ಲಿತ್ತು. ಬುಟ್ಟಿ, ಬಕೆಟ್ಟು, ಚೀಲ. ಹೆಂಗಸರು ಸೀರೆ ಎತ್ತಿ ಕಟ್ಟಿದ್ದರು, ಮುದುಕರೂ ಪ್ಯಾಂಟು ಮಡಚಿದ್ದರು. ಎಷ್ಟೋ ದಿನದಿಂದ ಬಿಸಿಲು ಕಾಣದ ಮೀನಖಂಡಗಳು ಬಿಳಿಚಿಕೊಂಡಿದ್ದವು. ನೀರು ಹಿಂದೆ ಹೋದಂತೆಲ್ಲ ಗೂಟಗಳು ಒಂದೊಂದೇ ಎದ್ದು ಬಂದವು. ದೊಡ್ಡಮ್ಮ ಕನ್ನಡಕ ಒರೆಸಿ ಹಾಕಿಕೊಂಡು, ಏನಪ್ಪಾ ಅಳಿಯ, ತೆರೆಯೋಣವಾ ಅಂದಳು. ಇವನು ಎಲ್ಲರಿಗಿಂತ ಹಿಂದೆ, ಆದರೆ ಮುಖ ಸರಿಯಾಗಿ ಕಾಣುವಲ್ಲಿ, ಜಾಗ ಮಾಡಿಕೊಂಡು ನಿಂತಿದ್ದ. ಭಾವ ಗೂಟದ ತನಕ ಹೋದ. ಅಲ್ಲಿ ನಿಂತ. ಕೆಸರನ್ನು ನೋಡಿದ, ಆಮೇಲೆ ತಿರುಗಿ ಜನರ ನಡುವೆ ಹುಡುಕಿದ, ಮತ್ತು ಅವನ ಕಣ್ಣು ಇವನ ಮೇಲೆ ಬಂದು ನಿಂತಿತು.

"ತೆರೆಯೋಕೆ ಮೊದಲು ಒಬ್ಬರು ತುಳಿದು ನೋಡಬೇಕು ದೊಡ್ಡಮ್ಮ," ಅಂದ. "ನನ್ನ ಕಾಲಿಗೆ ಅದು ಬರಲ್ಲ. ನನ್ನ ಭಾಮೈದ ನೋಡಲಿ. ಅವನು ಏನು ಹೇಳ್ತಾನೋ ಅದು."

ಜನ ದಾರಿ ಬಿಟ್ಟರು. ಎರಡು ಮಳೆಗಾಲ ಅವನು ಚಾಪೆಯ ಮೇಲೆ ಬಿದ್ದುಕೊಂಡು ಕಂಡ ಕನಸು ಅದೇ, ಒಂದೊಂದು ವಿವರವೂ ಅದೇ: ಎಲ್ಲರೂ ಬಾಯಿ ಮುಚ್ಚಿ ಇವನ ಕಾಲನ್ನು ನೋಡುತ್ತಿದ್ದಾರೆ, ಮೈಕು ಕೂಡ. ಕನಸಿನಲ್ಲಿ ಮಾತ್ರ ಅದನ್ನು ಭಾವ ಕೊಟ್ಟಿರಲಿಲ್ಲ. ಅವನು ಗೂಟ ದಾಟಿದ. ಕೆಸರು ಸಂಜೆಯ ಬೆಳಕಿಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು, ಬೆಳಗಿನ ಹೆಜ್ಜೆಗಳನ್ನು ನೀರು ನೆಕ್ಕಿ ಹಾಕಿತ್ತು. ಕಾಲುವೆಯ ಬದಿಗೆ ಹೋಗಿ ಕಾಲಿಳಿಸಿದ, ಗೊತ್ತಿದ್ದದ್ದನ್ನೇ ಗೊತ್ತುಮಾಡಿಕೊಳ್ಳುವವನ ಹಾಗೆ ನಟಿಸಿದ, ಹುಬ್ಬು ಗಂಟಿಕ್ಕಿದ, ಇನ್ನೊಂದು ಕಡೆ ತುಳಿದ. ಅಷ್ಟೂ ಜನರ ಉಸಿರು ಬೆನ್ನಿಗೆ ತಾಗುತ್ತಿತ್ತು. ತುಂಬಿದೆ ಅಂದರೂ ಆಯಿತು, ಅವರೇ ಇಳಿದು ಅವರೇ ಬಿಡಿಸಿ ನೋಡಿಕೊಳ್ಳುತ್ತಾರೆ; ಆದರೆ ಆಗ ತಪ್ಪಿದ್ದು ಇವನ ಕಾಲಾಗುತ್ತದೆ. ಕೊನೆಗೂ ಅವನ ಬಾಯಿಂದ ನಿಜ ಹೊರಡಿಸಿದ್ದು ಅದೊಂದೇ, ಅದು ಅವನಿಗೆ ಆಮೇಲೆ, ಬಹಳ ಆಮೇಲೆಯೂ, ನೆನಪಿತ್ತು. ಅವನು ಒಂದು ಚಿಪ್ಪನ್ನೆತ್ತಿ ಉಗುರಿನಿಂದ ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದ.

"ಈ ಕಡೆಯದೆಲ್ಲ ಸತ್ತಿದೆ," ಅಂದ. "ದಡದ ಕಡೆ ಇನ್ನೂ ಜೀವ ಇದೆ. ತಿನ್ನೋಕಲ್ಲ, ಬದುಕಿಸೋಕೆ ಎತ್ತಿ. ದಿಣ್ಣೆಗೆ ಹಾಕಬೇಕು, ನೀರು ಬರೋದ್ರೊಳಗೆ."

ಅವನು ಮುಖ ನೋಡಲಿಲ್ಲ. ಹಗಲೆಲ್ಲ ಕಾದಿದ್ದ ಆ ಮುಖವನ್ನು ನೋಡಬೇಕಾದ ಗಳಿಗೆಯಲ್ಲಿ ಅವನು ತನ್ನ ಕೈಯೊಳಗಿನ ಕಪ್ಪು ಮುದ್ದೆಯನ್ನೇ ನೋಡುತ್ತಿದ್ದ.

ಆಮೇಲೆ ಮಾತಿಗೆ ಹೊತ್ತಿರಲಿಲ್ಲ. ಸಾಲುಸಾಲಾಗಿ ಇಳಿದರು, ಕಾಲಲ್ಲಿ ತಡವಿ, ಕೈಯಲ್ಲಿ ಬಗೆದು, ಜೀವದ್ದನ್ನು ಬುಟ್ಟಿಗೆ, ಸತ್ತದ್ದನ್ನು ಆಚೆಗೆ. ಯಾವುದು ಯಾವುದೆಂದು ಗೊತ್ತಾಗದವರು ಇವನ ಮುಂದೆ ಹಿಡಿಯುತ್ತಿದ್ದರು, ಇವನು ಇದು, ಅದಲ್ಲ ಅನ್ನುತ್ತಿದ್ದ. ಬುಟ್ಟಿಗಳು ಕೈಯಿಂದ ಕೈಗೆ ದಿಣ್ಣೆಯ ಕಡೆ ಹೋದವು. ಅಷ್ಟರ ನಡುವೆಯೂ ಅವನ ಕಿವಿಗೆ ಬಿದ್ದದ್ದು ಮೈಕಿನ ಗಂಟಲೇ: ಪುಣ್ಯಾತ್ಮ ತುಳಿಸಿ ನೋಡಿದನಲ್ಲ, ಇಲ್ಲಾಂದ್ರೆ ಎಲ್ಲರೂ ಕೊಳಕು ಹೊತ್ಕೊಂಡು ಮನೆಗೆ ಹೋಗಿ ಬೇಯಿಸ್ತಿದ್ವಿ. ತುಳಿದವನಲ್ಲ, ತುಳಿಸಿದವನು. ಇವನಿಗೆ ನಗು ಬಂತು, ಬೆಳಗಿನ ನಗುವಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಪಕ್ಕದಲ್ಲಿ ಬಗ್ಗಿ ಬಗೆಯುತ್ತಿದ್ದವನು ಭಾವ. ಮೊಣಕೈ ತನಕ ಕಪ್ಪು, ಉಗುರಿನಿಂದ ರಕ್ತ. ತಲೆಯೆತ್ತದೆ, ಚಿಪ್ಪೊಂದನ್ನು ಇವನ ಬುಟ್ಟಿಗೆ ಹಾಕುತ್ತ, ಭಾವ ಮೆಲ್ಲಗೆ ಅಂದ:

"ಬೆಳಿಗ್ಗೆ ಇಲ್ಲಿ ಯಾರೋ ಓಡಾಡಿದ ಹೆಜ್ಜೆ ದಡದಿಂದ ಕಂಡ ಹಾಗಿತ್ತು. ನಾನು ಹತ್ತಿರ ಬರೋಷ್ಟರಲ್ಲಿ ನೀರು ಬಂತು."

ಅಷ್ಟೇ. ಇವನು ಏನನ್ನಾದರೂ ಅನ್ನಲೆಂದು ಕಾಯಲೂ ಇಲ್ಲ, ಹಿಮ್ಮಡಿ ಮೊದಲೆತ್ತಿ ಮುಂದಿನ ಸಾಲಿಗೆ ಹೋದ. ಆ ಹೆಜ್ಜೆಗಳು ಯಾರದೆಂದು ಅವನಿಗೆ ಗೊತ್ತಿತ್ತೇ? ಗೊತ್ತಿದ್ದೇ ಎಲ್ಲರ ಮುಂದೆ ಕರೆದು, ಕದ್ದು ತುಳಿದ ಕಾಲಿಗೆ ಹಕ್ಕು ಕೊಟ್ಟನೇ? ಅಥವಾ ಸುಮ್ಮನೆ, ಪೆದ್ದುತನದಿಂದ, ಇದ್ದದ್ದನ್ನು ಇದ್ದ ಹಾಗೆ ಹೇಳಿದನೇ? ಇವನು ಆ ಬೆನ್ನನ್ನೇ ನೋಡಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಕಾಪಾಡಿದ್ದರೆ, ಥೂ, ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ.

ನೀರು ಬಂತು. ಒಂದೊಂದೇ ಕಡೆಯಿಂದ ಬರುವುದಿಲ್ಲ ಅದು, ಎಲ್ಲ ಕಡೆಯಿಂದ ಒಟ್ಟಿಗೆ ನುಗ್ಗುತ್ತದೆ. ನಡುವಿನ ದೊಡ್ಡ ಪಟ್ಟಿಯೊಂದು ಎತ್ತದೆ ಉಳಿದಿತ್ತು. ಹೆಂಗಸರು ಮುಳುಗುತ್ತಿರುವ ಕೆಸರಿಗೆ ಕೈಹಾಕಿ ಬಗೆಯುತ್ತಲೇ ಇದ್ದರು, ದೊಡ್ಡಮ್ಮ ಸಾಕು ಬನ್ನಿ ಎಂದು ಕೂಗುವ ತನಕ. ಬೆಳಗಿನ ಇಳಿತ ಸಿಕ್ಕಿದ್ದರೆ ಆ ಪಟ್ಟಿ ಸಿಗುತ್ತಿತ್ತು. ಅಲ್ಲಿದ್ದ ಅಷ್ಟೂ ಜನರಲ್ಲಿ ಆ ಲೆಕ್ಕ ಗೊತ್ತಿದ್ದವನು ಇವನೊಬ್ಬ, ಅಮ್ಮನಿಗೂ ಗೊತ್ತಿರಬಹುದು. ಅವಳು ದಡದಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು, ಇವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಮೇಲೆ ಬಂದು ಕೂತರು. ಖಾಲಿ ಬುಟ್ಟಿಗಳನ್ನು ಮಗುಚಿಟ್ಟಿದ್ದರು. ಯಾರೋ ಒಬ್ಬಳು, ಎರಡು ವರ್ಷ ಕಾದದ್ದಕ್ಕೆ ಇದಾ, ಯಾರ ತಪ್ಪು ಇದು ಅಂದಳು, ಸಿಟ್ಟಿಲ್ಲದೆ, ದಣಿದು.

ಇವನ ಎದೆಯೊಳಗೆ ಬೆಳಗಿನಿಂದ ಅಡ್ಡ ನಿಂತಿದ್ದದ್ದು ಆಗ ಸಡಿಲವಾಯಿತು. ಅದು ಧೈರ್ಯವೋ ದಣಿವೋ, ಮೇಲಕ್ಕೆ ಬಂತು, ಗಂಟಲಿಗೆ ಬಂತು. ತಪ್ಪು ನನ್ನದು. ತುಳಿಯದಿದ್ದರೆ ಸಾಯುತ್ತದೆ ಅಂತ ಅವತ್ತೇ ಗೊತ್ತಿತ್ತು, ಹೇಳಲಿಲ್ಲ. ಸತ್ತಿದೆ ಅಂತ ಬೆಳಿಗ್ಗೆಯೇ ಗೊತ್ತಿತ್ತು, ಹೇಳಲಿಲ್ಲ. ಪಾಲು ಹೋಗಲಿ, ಮರ್ಯಾದೆ ಹೋಗಲಿ. ಅವನು ಎದ್ದು ನಿಂತ. ಮೊದಲ ಬಾರಿಗೆ ಭಾವನ ನೆನಪಿಲ್ಲದೆ, ಬರೀ ತನ್ನದೇ ಆದ ಒಂದು ಮಾತು ಅವನ ಬಾಯಲ್ಲಿತ್ತು.

"ತಪ್ಪು ನನ್ನದು," ಅಂದ ಭಾವ.

ಅವನೂ ಎದ್ದಿದ್ದ. ಎಲ್ಲರಿಗೂ ಎದುರಾಗಿ, ಕೆಸರಿನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಇಳಿಬಿಟ್ಟುಕೊಂಡು. ನಾನು ಭಯಬಿದ್ದು ಯಾರನ್ನೂ ಕಾಲಿಡಲು ಬಿಡಲಿಲ್ಲ, ಗೊತ್ತಿದ್ದವರನ್ನು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದರು ಅಂದ. ಹೇಳುತ್ತಿದ್ದರು ಅನ್ನುವಾಗ ಅವನು ಇವನ ಕಡೆ ಕೈ ತೋರಿದ. ಎಷ್ಟು ಸಲೀಸಾಗಿ ಅಂದುಬಿಟ್ಟ, ಎಷ್ಟು ಕಮ್ಮಿ ಮಾತಿನಲ್ಲಿ. ಜನರ ಮುಖ ಕರಗುವುದನ್ನು ಇವನು ನಿಂತೇ ನೋಡಿದ. ಮುದುಕಿಯೊಬ್ಬಳು ಹೋಗಲಿ ಬಿಡಪ್ಪಾ, ಅಷ್ಟಾದ್ರೂ ಉಳೀತಲ್ಲ ಅಂದಳು. ಮೈಕು ಎದ್ದುಬಂದು ಭಾವನ ಬೆನ್ನು ತಟ್ಟಿದ, ಮಾತಿಲ್ಲದೆ. ಅಮ್ಮ ತನ್ನ ಒಣಗಿದ ಟವೆಲನ್ನು ಅವನ ಕೈಗಿಟ್ಟಳು. ಇನ್ನು ಮೇಲೆ ಕಾವಲು ತಿಳಿದವರಿಗೇ ಇರಲಿ ಎಂದು ಭಾವ ಇವನ ಹೆಸರು ಹೇಳಿದಾಗ ದೊಡ್ಡಮ್ಮ ಒಪ್ಪಿದವರು ಕೈ ಎತ್ತಿ ಅಂದಳು. ಕೈಗಳೆದ್ದವು, ಒಂದೂ ಬಿಡದೆ, ಕಪ್ಪು ಮೆತ್ತಿದ ಕೈಗಳು, ಅಕ್ಕನದೂ ಅಮ್ಮನದೂ. ಎತ್ತಿದ್ದು ಇವನಿಗೆ, ನೋಡುತ್ತಿದ್ದದ್ದು ಅವನನ್ನು.

ಏನಾದ್ರೂ ಹೇಳೋದಿದೆಯೇನೋ ಎಂದು ದೊಡ್ಡಮ್ಮ ಇವನನ್ನು ಕೇಳಿದಳು. ಇವನು ಬಾಯಿ ತೆರೆದ. ಮಾತು ಅಲ್ಲೇ ಇತ್ತು, ನಾಲಿಗೆಯ ಮೇಲೆಯೇ. ಆದರೆ ಈಗ ಅದನ್ನು ಆಡಿದರೆ ಭಾವ ಆಡಿದ್ದನ್ನೇ ಆಡಿದ ಹಾಗೆ, ಅವನು ಕಚ್ಚಿ ಇಟ್ಟದ್ದನ್ನು ಎತ್ತಿ ಬಾಯಿಗೆ ಹಾಕಿಕೊಂಡ ಹಾಗೆ. ಇಡೀ ಜನ್ಮದಲ್ಲಿ ತನ್ನದು ಅಂತ ಇದ್ದ ಒಂದು ತಪ್ಪು, ಅದೂ ಈಗ ಭಾವನ ಎಂಜಲು.

ಏನಿಲ್ಲ ಎಂದು ಇವನು ತಲೆಯಾಡಿಸಿದ.